ಕಾರ್ ಲೈಟ್ ಬಲ್ಬ್ ಪದೇ ಪದೇ ಹೋಗ್ತಿದ್ರೆ ಎಲ್ಲಿಂದ ಹುಡ್ಕೋದು

ಹೊಸ ಬಲ್ಬ್ ಹಾಕಿ ಎರಡು ತಿಂಗಳಾಗಿಲ್ಲ, ಮತ್ತೆ ಗಾಡಿ ಒಕ್ಕಣ್ಣ. ಅಂಗಡೀಲಿ ಕೇಳಿದ್ರೆ "ಲೋಕಲ್ ಬಲ್ಬ್ ಸಾರ್, ಒಳ್ಳೇದು ಹಾಕ್ಸಿ" ಅಂತಾರೆ, ಹಾಕಿಸ್ತೀವಿ, ಅದೂ ಹೋಗುತ್ತೆ. ನಂದು ಹಳೇ ಪೆಟ್ರೋಲ್ ಗಾಡಿ, ಹೋದ ಮಳೆಗಾಲದಲ್ಲಿ ಎಡಗಡೆ ಹೆಡ್‌ಲೈಟ್ ಮೂರು ಸಲ ಹೋಯ್ತು, ಮೂರನೇ ಸಲ ಶಿರಾಡಿ ಘಾಟಲ್ಲಿ, ರಾತ್ರಿ, ಮಳೇಲಿ, ಸಕಲೇಶಪುರ ಮುಟ್ಟೋಷ್ಟರಲ್ಲಿ ಸಾಕುಸಾಕಾಗೋಯ್ತು.

ಮೊದ್ಲು ಹೋದ ಬಲ್ಬನ್ನ ಬಿಸಾಕ್ಬೇಡಿ, ಬೆಳಕಿಗೆ ಹಿಡಿದು ನೋಡಿ. ಒಳಗಡೆ ಗಾಜು ಕಪ್ಪಗಾಗಿದ್ರೆ ಫಿಲಮೆಂಟ್, ಅಂದ್ರೆ ಒಳಗೆ ಉರಿಯೋ ತಂತಿ, ಸವೆದಿದೆ ಅಂತ, ವರ್ಷಗಟ್ಲೆ ಉರಿದಿದ್ರೆ ಸರಿ, ಆದ್ರೆ ಹಾಕಿದ ತಿಂಗಳಲ್ಲೇ ಕಪ್ಪಾದ್ರೆ ವೋಲ್ಟೇಜ್ ಮೇಲೆ ಡೌಟ್ ಪಡಿ. ಹಾಲಿನ ಥರ ಬಿಳಿ ಪುಡಿ ಕೂತಿದ್ರೆ ಎಲ್ಲೋ ಸೀಳಿ ಗಾಳಿ ಒಳಗೆ ಹೋಗಿದೆ. ಗಾಜು ಗುಳ್ಳೆ ಎದ್ದಿದ್ರೆ ಹಾಕೋವಾಗ ಯಾರೋ ಬೆರಳಲ್ಲಿ ಮುಟ್ಟಿರ್ಬೋದು, ಕೈಯ ಜಿಡ್ಡು ಹ್ಯಾಲೋಜೆನ್ ಗಾಜನ್ನ ಆ ಜಾಗದಲ್ಲೇ ಜಾಸ್ತಿ ಕಾಯಿಸುತ್ತೆ. ಗಾಜು ಲಕಲಕ ಅಂತಿದೆ, ತಂತಿ ಮಾತ್ರ ತುಂಡಾಗಿದೆ ಅಂದ್ರೆ ಕುಲುಕಾಟ. ಡಿಕ್ಕಿ ಮುಚ್ಚಳದಲ್ಲಿರೋ ನಂಬರ್ ಪ್ಲೇಟ್ ಬಲ್ಬ್ ಹಿಂಗೆ ಹೋಗೋದು ಜಾಸ್ತಿ, ಧಡ್ ಅಂತ ಅದನ್ನ ಮುಚ್ಚೋರು ಮನೇಲಿ ಒಬ್ಬರಾದ್ರೂ ಇರ್ತಾರಲ್ಲ.

ಆಮೇಲೆ ನೆನಪು ಮಾಡ್ಕೊಳಿ, ಹೋಗ್ತಿರೋದು ಒಂದೇ ಕಡೇದಾ, ಇಲ್ಲ ಹಿಂದೆ ಮುಂದೆ ಎಡ ಬಲ ಎಲ್ಲಾದ್ರಲ್ಲೂನಾ? ಎಲ್ಲಾ ಕಡೆ ಅಂದ್ರೆ ಬಲ್ಬಿಗೆ ಬೈಬೇಡಿ, ಚಾರ್ಜಿಂಗ್ ಚೆಕ್ ಮಾಡಿ. ಮಲ್ಟಿಮೀಟರನ್ನ (ವೋಲ್ಟೇಜ್ ಅಳೆಯೋ ಮೀಟರ್) ಡಿಸಿ 20 ವೋಲ್ಟಿಗಿಟ್ಟು ಬ್ಯಾಟರಿ ಎರಡೂ ಟರ್ಮಿನಲ್ಲಿಗೆ ಹಿಡೀರಿ. ಇಂಜಿನ್ ಆಫ್ ಇದ್ದಾಗ ಸುಮಾರು 12.5, ಸ್ಟಾರ್ಟ್ ಮಾಡಿ ಸ್ವಲ್ಪ ರೇಸ್ ಕೊಟ್ರೆ 13.8ರಿಂದ 14.5 ಒಳಗೆ ಬರ್ಬೇಕು. 15 ದಾಟಿ ಅಲ್ಲೇ ನಿಂತ್ರೆ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರಿನ ವೋಲ್ಟೇಜ್ ಹಿಡಿತದಲ್ಲಿಡೋ ರೆಗ್ಯುಲೇಟರ್ ಹೋಗಿದೆ ಅನ್ಕೊಳಿ, ನಮ್ಮ ಎಲೆಕ್ಟ್ರಿಷಿಯನ್‌ಗಳು ಅದನ್ನ ಕಟೌಟ್ ಅಂತಾರೆ (ಕೆಲವು ಹೊಸ ಗಾಡಿಗಳಲ್ಲಿ ಸ್ವಲ್ಪ ಹೊತ್ತು 15ರ ಹತ್ರ ಹೋಗೋದು ಮಾಮೂಲಿ). ಬಲ್ಬಿಗೆ ವೋಲ್ಟೇಜ್ 5 ಪರ್ಸೆಂಟ್ ಜಾಸ್ತಿ ಹೋದ್ರೂ ಆಯಸ್ಸು ಹೆಚ್ಚುಕಮ್ಮಿ ಅರ್ಧ ಆಗುತ್ತೆ. ಬ್ಯಾಟರಿ ನೀರು ಬೇಗ ಬೇಗ ಇಳೀತಿದ್ರೆ ಅದೂ ಇದೇ ಕಾಯಿಲೆ.

ಒಂದೇ ಕಡೆ ಹೋಗ್ತಿದ್ರೆ ಕೇಡು ಅಲ್ಲೇ ಇರುತ್ತೆ. ನಂದು ಹಂಗೇ. ಬಲ್ಬ್ ಹಿಂದೆ ಕೈ ಹಾಕಿದ್ರೆ ರಬ್ಬರ್ ಕ್ಯಾಪೇ ಇಲ್ಲ, ಹಿಂದೆ ಯಾವಾಗ್ಲೋ ಬಲ್ಬ್ ಬದಲಾಯಿಸಿದ ಹುಡುಗ ವಾಪಸ್ ಹಾಕೋದು ಮರ್ತಿದ್ದ, ಅದು ಬ್ಯಾಟರಿ ಪಕ್ಕದ ಸಂದೀಲಿ ಧೂಳು ಹಿಡ್ಕೊಂಡು ಬಿದ್ದಿತ್ತು. ನೀರು ಒಳಗೆ ಹೋಗಿ ಹೋಗಿ ಪಿನ್ನಿಗೆಲ್ಲ ಹಸಿರು ಕಿಲುಬು, ಹೋಲ್ಡರಲ್ಲಿ ಒಂದು ಮೂಲೆ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ಸುಟ್ಟಿತ್ತು, ಅಂದ್ರೆ ಲೂಸ್ ಕಾಂಟ್ಯಾಕ್ಟಲ್ಲಿ ಬಿಸಿಯಾಗ್ತಿತ್ತು. ಹೋಲ್ಡರ್ ಕಟ್ ಮಾಡಿಸಿ ಸೆರಾಮಿಕ್ ಹೋಲ್ಡರ್ ಹಾಕ್ಸಿ, ಕ್ಯಾಪ್ ತೊಳೆದು ಕೂರಿಸ್ದೆ, ಅವತ್ತಿಂದ ಬಲ್ಬ್ ಹಂಗೇ ಇದೆ. ಗಾಜಿನ ಒಳಗೆ ಸದಾ ನೀರಿನ ಹನಿ ನಿಂತಿರೋ ಗಾಡಿಗಳಲ್ಲಿ ಲೆನ್ಸ್ ಸೀಳಿದ್ಯಾ, ಗಾಳಿ ಆಡೋ ತೂತು ಕಟ್ಕೊಂಡಿದ್ಯಾ ಅಂತಾನೂ ನೋಡಿ.

ಎಲ್ಲಾದಕ್ಕೂ "ಅರ್ತ್ ಸರಿ ಇಲ್ಲ" ಅನ್ನೋರ ಮಾತು ಅರ್ಧ ನಿಜ ಅಷ್ಟೇ. ಅರ್ತ್, ಅಂದ್ರೆ ಕರೆಂಟ್ ಗಾಡಿ ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗೋ ದಾರಿ, ಕೆಟ್ರೆ ಸಾಮಾನ್ಯವಾಗಿ ಲೈಟ್ ಮಂಕಾಗುತ್ತೆ, ಬ್ರೇಕ್ ಒತ್ತಿದ್ರೆ ಇಂಡಿಕೇಟರ್ ಮಿಣಮಿಣ ಅನ್ನುತ್ತೆ, ಬಲ್ಬ್ ಸುಡೋದು ಕಮ್ಮಿ. ಫ್ಯೂಸ್ ಹೋಗೋದು ಬೇರೆ ಕಥೆ, ಅದು ಶಾರ್ಟ್, ದಯವಿಟ್ಟು ದೊಡ್ಡ ಫ್ಯೂಸ್ ಹಾಕಿ ಸುಮ್ಮನಾಗ್ಬೇಡಿ.

ಇನ್ನೊಂದು, ಹೆಡ್‌ಲೈಟಿಗೆ ಹಾಕೋ ಎಚ್4 ಬಲ್ಬ್ ಅಂದ್ರೆ 60/55 ವ್ಯಾಟ್, ಹೈ ಬೀಮಿಗೆ 60, ಲೋ ಬೀಮಿಗೆ 55. ಬೆಳಕು ಜಾಸ್ತಿ ಬರ್ಲಿ ಅಂತ 100/90 ಹಾಕಿದ್ರೆ ಅದೇ ವೈರಲ್ಲಿ 5 ಆಂಪ್ ಬದಲು 8ಕ್ಕೂ ಮೇಲೆ ಹರಿಯುತ್ತೆ, ಹೋಲ್ಡರ್ ಬೆಣ್ಣೆ ಥರ ಕರಗುತ್ತೆ.

ಹೊಸದು ಹಾಕೋವಾಗ ಸ್ವಿಚ್ ಆಫ್ ಮಾಡಿ, ತಣ್ಣಗಾದ್ಮೇಲೆ, ಗಾಜು ಮುಟ್ಟದೆ ಬುಡ ಹಿಡ್ಕೊಂಡು ಹಾಕಿ, ಕೈ ತಾಗಿದ್ರೆ ಸ್ಪಿರಿಟಲ್ಲಿ ಒರೆಸಿ. ಎರಡೂ ಕಡೆ ಒಟ್ಟಿಗೇ ಬದಲಾಯಿಸಿ, ಇನ್ನೂ ಉರೀತಿರೋ ಹಳೇದನ್ನ ಬಟ್ಟೇಲಿ ಸುತ್ತಿ ಡ್ಯಾಶ್‌ಬೋರ್ಡಲ್ಲಿ ಇಟ್ಕೊಂಡಿರಿ, ಘಾಟಲ್ಲಿ ಸ್ಪೇರ್ ಅಂಗಡಿ ಸಿಗಲ್ಲ.