ಮಳೆ ಬಂದ ಮರುದಿನ ಹೋಗಿ ನೋಡಿ: ಸೆಕೆಂಡ್ ಹ್ಯಾಂಡ್ ಬಾಕ್ಸ್‌ಸ್ಟರ್ ಕೊಳ್ಳುವುದು ಹೇಗೆ?

ಕೆಲವು ವರ್ಷಗಳ ಹಿಂದೆ ಗೆಳೆಯನೊಬ್ಬನ ಜೊತೆ ಕಾರು ನೋಡಲು ಹೋಗಿದ್ದೆ. ಬೆಳ್ಳಿ ಬಣ್ಣದ ಪೋರ್ಷೆ ಬಾಕ್ಸ್‌ಸ್ಟರ್. ಓಡಿದ್ದು ಬರೀ 14,000 ಕಿಲೋಮೀಟರ್. ಬ್ರೋಕರ್ ಅದನ್ನೇ ಹತ್ತು ಸಲ ಹೇಳಿದ. ‘ಬೇಸ್‌ಮೆಂಟ್ ಬಿಟ್ಟು ಹೊರಗೇ ಬಂದಿಲ್ಲ ಸಾರ್, ಹೊಸದರ ಹಾಗೇ ಇದೆ.’ ಗೆಳೆಯ ಆಗಲೇ ಸ್ಟೀರಿಂಗ್ ಸವರುತ್ತಾ ಕೂತಿದ್ದ. ನಾನು ಸುಮ್ನೆ ಸೀಟಿನ ಹಿಂದಿನ ಕಾರ್ಪೆಟ್ ಒತ್ತಿ ನೋಡಿದೆ. ನೆನೆದ ಬಟ್ಟೆ ಒತ್ತಿದ ಹಾಗೆ ಬೆರಳ ಸಂದಿಯಲ್ಲಿ ನೀರು ಬಂತು. ಆ ವಾರ ಬೆಂಗಳೂರಿನಲ್ಲಿ ದಿನಾ ಸಂಜೆ ಮಳೆ. ಬೇಸ್‌ಮೆಂಟಿನ ಕಥೆ ಅಲ್ಲಿಗೆ ಮುಗಿಯಿತು. ಕಾಫಿ ಕುಡಿದು ವಾಪಸ್ ಬಂದೆವು.

ಟಾಪ್ ತೆರೆಯುವ ಸ್ಪೋರ್ಟ್ಸ್ ಕಾರು ಓಡಿ ಓಡಿ ಹಾಳಾಗುವುದಕ್ಕಿಂತ ನಿಂತು ನಿಂತು ಹಾಳಾಗುವುದೇ ಜಾಸ್ತಿ. ನಮ್ಮಲ್ಲಂತೂ ಇಂಥ ಕಾರು ತಿಂಗಳಿಗೊಮ್ಮೆ, ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ದಾರಿ ಹಿಡಿದರೆ ಅದೇ ದೊಡ್ಡದು. ಹಾಗಾಗಿ ಮೀಟರ್ ನೋಡಿ ಮರುಳಾಗಬೇಡಿ. ವರ್ಷಕ್ಕೆ ಐದಾರು ಸಾವಿರ ಕಿಲೋಮೀಟರ್ ಓಡಿ, ಸರಿಯಾಗಿ ಸರ್ವಿಸ್ ಆದ ಕಾರಿಗೆ ನಾನು ಜಾಸ್ತಿ ದುಡ್ಡು ಕೊಡುತ್ತೇನೆ. ಹತ್ತು ವರ್ಷ ಕವರ್ ಹೊದ್ದು ಮಲಗಿದ್ದ ಕಾರಿಗೆ ಅಲ್ಲ.

ಇಲ್ಲಿ ಹೇಳುವುದೆಲ್ಲ ಬಾಕ್ಸ್‌ಸ್ಟರ್ ಕುರಿತು. ಇದರಲ್ಲಿ ಎರಡೇ ಸೀಟು, ಇಂಜಿನ್ ನಿಮ್ಮ ಬೆನ್ನ ಹಿಂದೆ. ಬಿಎಂಡಬ್ಲ್ಯು ಝೆಡ್4, ಮರ್ಸಿಡಿಸ್ ಎಸ್‌ಎಲ್‌ಕೆ ನೋಡುವವರಿಗೂ ನೀರಿನ ಮಾತು, ಕಾಗದಪತ್ರದ ಮಾತು ಹಾಗೇ ಅನ್ವಯಿಸುತ್ತದೆ.

ಮೊದಲು ವರ್ಷ ಗೊತ್ತು ಮಾಡಿಕೊಳ್ಳಿ

ಬಾಕ್ಸ್‌ಸ್ಟರ್ 1996ರಲ್ಲಿ ಬಂತು. ಮೊದಲ ತಲೆಮಾರಿಗೆ 986 ಅನ್ನುತ್ತಾರೆ. 2004ರ ಕೊನೆಗೆ 987, 2012ರಲ್ಲಿ 981, 2016ರಲ್ಲಿ 718. ಮೊದಲ ಮೂರರಲ್ಲಿ ಆರು ಸಿಲಿಂಡರ್, ಟರ್ಬೊ ಇಲ್ಲ. 718 ಬಂದಾಗ ನಾಲ್ಕು ಸಿಲಿಂಡರ್ ಟರ್ಬೊ ಆಯಿತು. ಮೂಲ ಮಾದರಿಗೆ 2 ಲೀಟರ್ ಇಂಜಿನ್, 300 ಹಾರ್ಸ್‌ಪವರ್. ವೇಗದಲ್ಲಿ ಹಳೆಯದನ್ನು ಮೀರಿಸುತ್ತದೆ. ಆದರೆ ಸದ್ದು? ಆ ಆರು ಸಿಲಿಂಡರಿನ ಹಾಡು ಇದರಲ್ಲಿಲ್ಲ ಎಂದು ಗೊಣಗುವವರ ಗುಂಪಿನಲ್ಲಿ ನಾನೂ ಇದ್ದೇನೆ.

ಕೊಳ್ಳುವವರಿಗೆ ನಿಜವಾದ ಗಡಿ 2009. ಅದಕ್ಕಿಂತ ಹಿಂದಿನ ಇಂಜಿನ್‌ಗಳಲ್ಲಿ ‘ಇಂಟರ್‌ಮೀಡಿಯೆಟ್ ಶಾಫ್ಟ್’ ಎಂಬ ಒಂದು ಅಚ್ಚು ಇದೆ. ಅದರ ತುದಿಯ ಬೇರಿಂಗನ್ನು ಮೆಕ್ಯಾನಿಕ್‌ಗಳು ಚುಟುಕಾಗಿ ಐಎಂಎಸ್ ಬೇರಿಂಗ್ ಎನ್ನುತ್ತಾರೆ. ಕ್ರ್ಯಾಂಕಿನ ಸುತ್ತು, ವಾಲ್ವ್‌ಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟಿಗೆ ಹೋಗುವುದು ಈ ಅಚ್ಚಿನ ಮೂಲಕ. ಬೇರಿಂಗ್ ಸೀಲ್ ಆಗಿರುವುದರಿಂದ ಇಂಜಿನ್ ಆಯಿಲ್ ಅದಕ್ಕೆ ಸರಿಯಾಗಿ ಸಿಗುವುದಿಲ್ಲ. ಒಳಗಿನ ಗ್ರೀಸ್ ಮಾತ್ರ ನಿಧಾನಕ್ಕೆ ತೊಳೆದುಹೋಗುತ್ತದೆ. ಅದು ಪುಡಿಯಾದ ದಿನ ಟೈಮಿಂಗ್ ತಪ್ಪುತ್ತದೆ, ವಾಲ್ವ್‌ಗೆ ಪಿಸ್ಟನ್ ಬಡಿಯುತ್ತದೆ, ಇಂಜಿನ್ ಗುಜರಿಗೆ ಹೋಗುತ್ತದೆ. ಎಲ್ಲ ಕಾರಿಗೂ ಹೀಗಾಗುವುದಿಲ್ಲ. ಆದರೆ ಸುಮಾರು 2000ದಿಂದ 2005ರವರೆಗಿನ ಕಾರುಗಳ ಸಣ್ಣ ಬೇರಿಂಗಿಗೆ ಕೆಟ್ಟ ಹೆಸರಿದೆ. ಅಮೆರಿಕದ ಮಾಲೀಕರು ಕೋರ್ಟಿಗೆ ಹೋಗಿ, 2013ರಲ್ಲಿ ಕಂಪನಿ ಜೊತೆ ರಾಜಿಯಾದದ್ದೂ ಈ ಬೇರಿಂಗಿಗಾಗಿಯೇ. ಆಮೇಲೆ ಬಂದ ದೊಡ್ಡ ಬೇರಿಂಗ್ ಹೆಚ್ಚು ಗಟ್ಟಿ. 2009ರ ಹೊಸ ಇಂಜಿನ್‌ನಲ್ಲಿ ಈ ಅಚ್ಚೇ ಇಲ್ಲ.

ಆರ್‌ಸಿಯಲ್ಲಿ 2009 ಅಂತ ಇದ್ದ ಮಾತ್ರಕ್ಕೆ ನಂಬಬೇಡಿ. ಷೋರೂಂನಲ್ಲಿ ನಿಂತಿದ್ದ 2008ರ ಕಾರು ಮರುವರ್ಷ ನೋಂದಣಿ ಆಗಿರಬಹುದು. ಚಾಸಿ ನಂಬರಿನ ಹತ್ತನೇ ಅಕ್ಷರ ನೋಡಿ. ಅದು 9 ಇದ್ದರೆ 2009ರ ಮಾಡೆಲ್, ‘ಎ’ ಇದ್ದರೆ 2010ರದ್ದು. ಹಳೆಯ 986 ಮೇಲೇ ಮನಸ್ಸಿದ್ದರೆ, ಬೇರಿಂಗ್ ಬದಲಾಯಿಸಿದ ಬಿಲ್ ಕೇಳಿ. ಇಲ್ಲದಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಗೇರ್‌ಬಾಕ್ಸ್ ಇಳಿಸಬೇಕಾದ ಕೆಲಸವಾದ್ದರಿಂದ ಕ್ಲಚ್ ಹಾಕಿಸುವಾಗಲೇ ಇದನ್ನೂ ಮಾಡಿಸುವುದು ಜಾಣತನ.

ನೀರಿನ ದಾರಿ ಹಿಡಿದು ನೋಡಿ

ಕಾರು ನೋಡಲು ದಿನ ಆರಿಸುವುದು ನಿಮ್ಮ ಕೈಯಲ್ಲಿದೆ. ಮಳೆ ಸುರಿದ ಮರುದಿನ ಹೋಗಿ. ಮಾರುವವರು ‘ಕಾರು ತೊಳೆಸಿ ಇಡ್ತೀನಿ, ಶನಿವಾರ ಬನ್ನಿ’ ಅಂದರೆ, ‘ಪರವಾಗಿಲ್ಲ, ಇದ್ದ ಹಾಗೇ ನೋಡ್ತೀವಿ’ ಅನ್ನಿ.

ಬಟ್ಟೆಯ ಟಾಪ್ ಮೇಲೆ ಬಿದ್ದ ನೀರು ಸುಮ್ಮನೆ ಕೆಳಗೆ ಜಾರಿಹೋಗುವುದಿಲ್ಲ. ಹಿಂಬದಿಯ ಎರಡೂ ಮೂಲೆಗಳಲ್ಲಿ ತೂತುಗಳಿವೆ. ಅಲ್ಲಿಂದ ಕೊಳವೆಯಲ್ಲಿ ಇಳಿದು ಹಿಂದಿನ ಚಕ್ರದ ಮುಂದೆ ನೆಲಕ್ಕೆ ಬೀಳಬೇಕು. ಗುಲ್‌ಮೊಹರ್, ಮಳೆಮರದ ಕೆಳಗೆ ನಿಲ್ಲಿಸಿದ ಕಾರಿನ ಗತಿ ಏನು ಹೇಳಿ? ಆ ಸಣ್ಣ ಎಲೆಗಳು ತೂತಿನಲ್ಲಿ ಕೂತು ಗೊಬ್ಬರವಾಗುತ್ತವೆ. ನೀರಿಗೆ ಹೊರಗೆ ಹೋಗಲು ದಾರಿ ಇಲ್ಲ, ಒಳಗೆ ಬರುತ್ತದೆ. 986ರಲ್ಲಿ ಸೆಂಟ್ರಲ್ ಲಾಕ್ ಮತ್ತು ಅಲಾರಂ ನೋಡಿಕೊಳ್ಳುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಇರುವುದು ಸೀಟಿನ ಕೆಳಗೆ, ನೆಲಕ್ಕೆ ಅಂಟಿಕೊಂಡ ಹಾಗೆ. ಅದು ನೆನೆದರೆ ಒಂದು ದಿನ ಕೀ ಕೆಲಸ ಮಾಡುವುದಿಲ್ಲ, ಇನ್ನೊಂದು ದಿನ ಕಾರೇ ಸ್ಟಾರ್ಟ್ ಆಗುವುದಿಲ್ಲ.

ಟಾಪನ್ನು ಅರ್ಧಕ್ಕೆ ತೆರೆದು ನಿಲ್ಲಿಸಿ. ಟಾರ್ಚ್ ಹಾಕಿ ಮೂಲೆಯ ತೂತು ನೋಡಿ. ಒಂದು ಚೊಂಬು ನೀರನ್ನು ನಿಧಾನಕ್ಕೆ ಹುಯ್ಯಿರಿ. ಅರ್ಧ ನಿಮಿಷದೊಳಗೆ ಕೆಳಗೆ ನೀರು ಕಾಣಬೇಕು. ಆಮೇಲೆ ಸೀಟು ಮುಂದೆ ತಳ್ಳಿ ಕಾರ್ಪೆಟ್ ಒತ್ತಿ, ಮೂಸಿ ನೋಡಿ. ಮುಗ್ಗಲು ವಾಸನೆ ಯಾವ ಪರ್‌ಫ್ಯೂಮಿಗೂ ಮುಚ್ಚುವುದಿಲ್ಲ. ಕಾರಿನ ತುಂಬ ಹೊಸ ಪರ್‌ಫ್ಯೂಮ್ ತೂಗಾಡುತ್ತಿದ್ದರೆ ಇನ್ನೊಂದು ಸಲ ಮೂಸಿ.

ಟಾಪ್ ಮೂರು ಸಲ ತೆರೆದು ಮುಚ್ಚಿಸಿ. ಸುಮಾರು 12 ಸೆಕೆಂಡಿನಲ್ಲಿ ಕೆಲಸ ಮುಗಿಯಬೇಕು. ಎರಡೂ ಕಡೆ ಒಂದೇ ಹದದಲ್ಲಿ ಏಳಬೇಕು. ಒಂದು ಕಡೆ ಹಿಂದೆ ಬಿದ್ದರೆ ಪ್ಲಾಸ್ಟಿಕ್ ಕೀಲೋ ಕೇಬಲ್ಲೋ ಹೋಗಿದೆ ಅಂತ ಅರ್ಥ. 2002ರವರೆಗಿನ ಕಾರಿನಲ್ಲಿ ಹಿಂದಿನ ಕಿಟಕಿ ಪ್ಲಾಸ್ಟಿಕ್ಕಿನದು. ಬಿಸಿಲಿಗೆ ಹಳದಿಯಾಗಿ ಮಡಿಕೆಯಲ್ಲಿ ಸೀಳುತ್ತದೆ. ಮುಂದೆ ಗಾಜು ಬಂತು.

ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ

ನೀವು ಹೋಗುವ ಹೊತ್ತಿಗೆ ಇಂಜಿನ್ ಬಿಸಿಯಾಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತ ಅನುಮಾನಪಡಿ. ‘ಮುಟ್ಟಬೇಡಿ, ನಾವೇ ಬಂದು ಸ್ಟಾರ್ಟ್ ಮಾಡ್ತೀವಿ’ ಅಂತ ಮೊದಲೇ ಹೇಳಿಡಿ. ಸಿಲಿಂಡರ್‌ಗಳು ಅಡ್ಡ ಮಲಗಿರುವ ಇಂಜಿನ್ ಇದು. ಕೆಲವು ದಿನ ನಿಂತಿದ್ದರೆ ಒಂದು ಸಲ ಭುಸ್ಸೆಂದು ಹೊಗೆ ಬರುವುದು ಮಾಮೂಲಿ. ಹೊಗೆ ನಿಲ್ಲದಿದ್ದರೆ ಮಾಮೂಲಿ ಅಲ್ಲ. ಬಿಸಿಯಾದ ಮೇಲೆ ಟಿಕ್ ಟಿಕ್ ಸದ್ದು ಬಂದರೆ, ಸೈಲೆನ್ಸರ್ ಬಾಯಿಯ ಒಂದೇ ಬದಿ ಮಸಿ ಹಿಡಿದಿದ್ದರೆ, ಸಿಲಿಂಡರ್ ಗೋಡೆ ಗೀರಿದೆಯೇ ಎಂದು ನೋಡಿಸಲೇಬೇಕು. ಸ್ಪಾರ್ಕ್ ಪ್ಲಗ್ ತೂತಿನಿಂದ ಪುಟ್ಟ ಕ್ಯಾಮೆರಾ ಇಳಿಸಿ ನೋಡುತ್ತಾರೆ.

ಹಿಂದಿನ ಡಿಕ್ಕಿಯ ಕಾರ್ಪೆಟ್ ಎತ್ತಿ ನೋಡಿ. ಕೂಲಂಟ್ ಟ್ಯಾಂಕ್ ಅಲ್ಲೇ ಪಕ್ಕದಲ್ಲಿದೆ. ಹಳೆಯದಾದರೆ ಬಿರುಕು ಬಿಡುತ್ತದೆ. ಮುಂದಿನ ಬಂಪರಿನ ಎರಡು ಬಾಯಿಗಳೊಳಗೂ ಟಾರ್ಚ್ ಹಾಕಿ. ರೇಡಿಯೇಟರ್‌ಗಳು ಅಲ್ಲಿವೆ. ಒಣಗಿದೆಲೆ, ಪ್ಲಾಸ್ಟಿಕ್ ಕವರ್, ನಮ್ಮ ರಸ್ತೆಯ ಸಕಲ ಕಸವೂ ಅಲ್ಲಿ ಸೇರಿ ಲೋಹವನ್ನು ತಿನ್ನುತ್ತದೆ. ಬಗ್ಗಿ ಕಾರಿನ ಹೊಟ್ಟೆಯನ್ನೂ ನೋಡಿ. ನಮ್ಮ ಹಂಪ್‌ಗಳು ಗೀಚದ ಬಾಕ್ಸ್‌ಸ್ಟರ್ ನಾನು ಕಂಡಿಲ್ಲ. ಗೀರು ಇರಲಿ, ಆಯಿಲ್ ಸುರಿದ ಗುರುತು ಇರಬಾರದು. ಬೇಸ್‌ಮೆಂಟ್ ಕಾರಾದರೆ ವೈರುಗಳಿಗೆ ಇಲಿ ಬಾಯಿ ಹಾಕಿದೆಯೇ ಅಂತಲೂ ನೋಡಿಸಿ.

ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. 2318 ಅಂದರೆ 2018ರ 23ನೇ ವಾರ ತಯಾರಾದದ್ದು. ಮೇಲ್ಮೈಯ ಗೀರು ಎಷ್ಟೇ ಆಳ ಇರಲಿ, ಆರು ವರ್ಷ ದಾಟಿದ ಟೈರಿನಲ್ಲಿ ಈ ಕಾರನ್ನು ಜೋರಾಗಿ ಓಡಿಸಬಾರದು. ನಾಲ್ಕು ಹೊಸ ಟೈರಿನ ಬೆಲೆ ವಿಚಾರಿಸಿಕೊಂಡೇ ಚೌಕಾಸಿಗೆ ಕೂರಿ.

ಚಿತ್ರಗುಪ್ತನ ಲೆಕ್ಕ ತೆಗೆಸಿ

ಇಷ್ಟೆಲ್ಲ ನೀವೇ ನೋಡಬಹುದು. ಇಲ್ಲಿಂದ ಮುಂದೆ ಪೋರ್ಷೆ ಬಲ್ಲ ವರ್ಕ್‌ಶಾಪ್ ಬೇಕು. ಲಿಫ್ಟ್ ಮೇಲೆ ಏರಿಸಿ, ಕಂಪ್ಯೂಟರ್ ಹಚ್ಚಿ ನೋಡಲು ಶುಲ್ಕ ತೆಗೆದುಕೊಳ್ಳುತ್ತಾರೆ. ಅಲ್ಲಿ ಕಂಜೂಸಿ ಬೇಡ.

ಮುಖ್ಯವಾಗಿ ಮೂರು ಕೆಲಸ ಮಾಡಿಸಿ. ಆಯಿಲ್ ಫಿಲ್ಟರ್ ಕತ್ತರಿಸಿ ಒಳಗೆ ಲೋಹದ ಚೂರು ಇದೆಯೇ ನೋಡಿಸಿ. ಬೇರಿಂಗ್ ಸವೆದದ್ದು ಮೊದಲು ಗೊತ್ತಾಗುವುದು ಅಲ್ಲಿ. ಪೇಂಟಿನ ದಪ್ಪ ಅಳೆಸಿ. ಎಲ್ಲ ಕಡೆ 100ರಿಂದ 150 ಮೈಕ್ರಾನ್ ಇದ್ದು, ಒಂದು ಬಾಗಿಲು ಮಾತ್ರ 400 ಇದ್ದರೆ ಅಲ್ಲಿ ಟಿಂಕರಿಂಗ್ ಆಗಿದೆ. ಮೂರನೆಯದು, ಇಂಜಿನ್ ಕಂಪ್ಯೂಟರಿನ ‘ಓವರ್ ರೆವ್’ ವರದಿ.

ಈ ಮೂರನೆಯದರ ಬಗ್ಗೆ ಸ್ವಲ್ಪ ಹೇಳಬೇಕು. ಮಾನ್ಯುವಲ್ ಗೇರಿನಲ್ಲಿ ಐದರಿಂದ ನಾಲ್ಕಕ್ಕೆ ಇಳಿಸಲು ಹೋಗಿ ಎರಡಕ್ಕೆ ಹಾಕಿದರೆ ಇಂಜಿನ್ ಮಿತಿ ಮೀರಿ ಗಿರಗಿರ ತಿರುಗುತ್ತದೆ. ಹಾಗೆ ಮಿತಿ ಮೀರಿದ್ದು ಎಷ್ಟು ಸಲ, ಕೊನೆಯ ಸಲ ಇಂಜಿನ್ನಿನ ಎಷ್ಟನೇ ಗಂಟೆಯಲ್ಲಿ ಎಂದು ಕಂಪ್ಯೂಟರ್ ಬರೆದಿಟ್ಟುಕೊಳ್ಳುತ್ತದೆ. ಹಳೆಯ ಕಾರಿನಲ್ಲಿ ಎರಡು ಹಂತ, 2009ರ ನಂತರದವುಗಳಲ್ಲಿ ಆರು. ಕೆಳಗಿನ ಹಂತದಲ್ಲಿ ಸಾವಿರಾರು ಇದ್ದರೂ ತಲೆ ಕೆಡಿಸಿಕೊಳ್ಳಬೇಡಿ. ಮೇಲಿನ ಹಂತದಲ್ಲಿ, ಅದೂ ಇತ್ತೀಚಿನ ಗಂಟೆಗಳಲ್ಲಿ ಇದ್ದರೆ ಬಿಟ್ಟುಬಿಡಿ. ಇನ್ನೊಂದು ಉಪಯೋಗವೂ ಇದೆ. ಇಂಜಿನ್ ಗಂಟೆಯಿಂದ ಕಿಲೋಮೀಟರ್ ಭಾಗಿಸಿ. ಸರಾಸರಿ ಗಂಟೆಗೆ ಎಂಟೋ ಹತ್ತೋ ಕಿಲೋಮೀಟರ್ ಬಂದರೆ ಮೀಟರ್ ತಿರುಗಿಸಿರಬಹುದು. ಅಥವಾ ಪಾಪ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತಿರಬಹುದು.

ಕಾಗದಪತ್ರ: ಇಲ್ಲೇ ಜಾಸ್ತಿ ಏಟು ಬೀಳುವುದು

2025ರ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಫೆರಾರಿಯೊಂದಕ್ಕೆ ಬೆಂಗಳೂರಿನಲ್ಲಿ ದಂಡ ಸೇರಿ ಸುಮಾರು 1.4 ಕೋಟಿ ರೂಪಾಯಿ ತೆರಿಗೆ ಕಟ್ಟಿಸಿಕೊಂಡರು. ಸುದ್ದಿ ಓದಿ ನಕ್ಕವರು ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಅದೇ ಹೊಂಡಕ್ಕೆ ಬೀಳುತ್ತಾರೆ.

ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್ ಬೇರೆ. ಹೊರ ರಾಜ್ಯದ ಕಾರಿಗೆ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ, ನಿಜ. ಆದರೆ ಲೆಕ್ಕ ಹಾಕುವುದು ನೀವು ಕೊಟ್ಟ ಬೆಲೆಯ ಮೇಲಲ್ಲ, ಕಾರು ಹೊಸದಿದ್ದಾಗಿನ ಬೆಲೆಯ ಮೇಲೆ. 2017ರಲ್ಲಿ 718 ಇಲ್ಲಿಗೆ ಬಂದಾಗ ಷೋರೂಂ ಬೆಲೆಯೇ 85 ಲಕ್ಷದ ಆಸುಪಾಸು ಇತ್ತು. ಹಾಗಾಗಿ ದೆಹಲಿಯದೋ ಪುದುಚೇರಿಯದೋ ಕಾರು ಹತ್ತು ಲಕ್ಷ ಅಗ್ಗ ಅಂತ ಕಂಡರೆ, ಮೊದಲು ಆರ್‌ಟಿಒ ಕಚೇರಿಯಲ್ಲಿ ತೆರಿಗೆ ಲೆಕ್ಕ ಕೇಳಿ. ದೆಹಲಿ ಸುತ್ತಮುತ್ತ 15 ವರ್ಷ ದಾಟಿದ ಪೆಟ್ರೋಲ್ ಕಾರುಗಳ ಮೇಲೆ ವರ್ಷಗಳಿಂದ ನಿರ್ಬಂಧದ ಕತ್ತಿ ತೂಗುತ್ತಿದೆ. ಅಲ್ಲಿನವರು ಅಗ್ಗಕ್ಕೆ ಬಿಡುವುದಕ್ಕೆ ಅದೂ ಒಂದು ಕಾರಣ.

ಹೊರಗಿನ ಕಾರಾದರೆ ಮೂಲ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಫಾರಂ 28 ಬೇಕು. ಮಾಲೀಕತ್ವ ಬದಲಿಸಲು ಫಾರಂ 29 ಮತ್ತು 30. ಸಾಲ ತೀರಿದ್ದರೆ ಬ್ಯಾಂಕಿನ ಸಹಿ ಇರುವ ಫಾರಂ 35. ‘ಸಾಲ ತೀರಿದೆ, ಪೇಪರ್ ಆಮೇಲೆ ಕೊಡ್ತೀನಿ’ ಅನ್ನುವವರಿಗೆ ಟೋಕನ್ ಅಡ್ವಾನ್ಸ್ ಕೂಡ ಕೊಡಬೇಡಿ. ವಾಹನ್ ಪೋರ್ಟಲಿನಲ್ಲಿ ನಂಬರ್ ಹಾಕಿದರೆ ಹೈಪೊಥಿಕೇಶನ್ (ಅಂದರೆ ಕಾರಿನ ಮೇಲಿನ ಸಾಲ), ಇನ್ಶೂರೆನ್ಸ್ ಅವಧಿ ಕಾಣುತ್ತದೆ. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ಅವರದ್ದೇ, ನಿಮಗೆ ಬರುವುದಿಲ್ಲ.

ಪೋರ್ಷೆಗಳೆಲ್ಲ ಆಮದು ಕಾರುಗಳು. ಅದಕ್ಕೇ ಕಸ್ಟಮ್ಸ್ ಕಾಗದ ಅಥವಾ ಅಧಿಕೃತ ಡೀಲರ್ ಕೊಟ್ಟ ಮೊದಲ ಇನ್‌ವಾಯ್ಸ್, ಎರಡರಲ್ಲಿ ಒಂದನ್ನು ಕಣ್ಣಾರೆ ನೋಡಿ. ಬಳಸಿದ ಕಾರನ್ನು ಹೊರದೇಶದಿಂದ ತರುವುದಾದರೆ ಮೂರು ವರ್ಷಕ್ಕಿಂತ ಹಳೆಯದಿರಬಾರದು, ಸ್ಟೀರಿಂಗ್ ಬಲಕ್ಕಿರಬೇಕು. ‘ಕಾರ್ನೆ’ ಎಂಬ ತಾತ್ಕಾಲಿಕ ಪರವಾನಗಿಯಲ್ಲಿ ಬಂದದ್ದು ವಾಪಸ್ ಹೋಗಲೇಬೇಕು, ಮಾರುವ ಹಾಗಿಲ್ಲ. 2025ರಲ್ಲಿ ಕೇರಳದಲ್ಲಿ ಭೂತಾನ್ ದಾರಿಯಿಂದ ಕದ್ದು ತಂದವು ಎನ್ನಲಾದ ಐಷಾರಾಮಿ ಕಾರುಗಳನ್ನು ಕಸ್ಟಮ್ಸ್‌ನವರು ಹುಡುಕಿ ಹುಡುಕಿ ವಶಕ್ಕೆ ತೆಗೆದುಕೊಂಡರು. ಹಾಗೆ ಹೋದಾಗ ಬ್ರೋಕರಿನ ಫೋನ್ ಸ್ವಿಚ್ ಆಫ್, ಕೈ ಸುಟ್ಟುಕೊಳ್ಳುವುದು ಕೊನೆಗೆ ಕೊಂಡವರೇ ಅಲ್ವಾ?

ಮನೆಗೆ ತಂದ ಮೇಲೆ

ಮೊದಲ ವಾರವೇ ಆಯಿಲ್, ಬ್ರೇಕ್ ಆಯಿಲ್, ಕೂಲಂಟ್ ಬದಲಾಯಿಸಿ, ಹಳೆಯ ಬಿಲ್ ಏನೇ ಹೇಳಲಿ. ಪೆಟ್ರೋಲ್ 95 ಆಕ್ಟೇನ್‌ಗಿಂತ ಕಡಿಮೆಯದು ಬೇಡ. ಮಾಮೂಲಿ ಪೆಟ್ರೋಲಿನಲ್ಲಿ ಈಗ ಶೇ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ನೀರು ಹೀರುತ್ತದೆ, ಹಾಗಾಗಿ ಟ್ಯಾಂಕಿನಲ್ಲಿ ಅದನ್ನು ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ. ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ಓಡಿಸಿ.

ಓಡಿಸಲು ಆಗದಿದ್ದರೆ ಬ್ಯಾಟರಿಗೆ ಚಾರ್ಜರ್ ಹಚ್ಚಿಡಿ. ಯಾಕೆಂದರೆ ಬ್ಯಾಟರಿ ಇರುವುದು ಮುಂದಿನ ಡಿಕ್ಕಿಯಲ್ಲಿ. ಹೆಚ್ಚಿನ ಕಾರುಗಳಲ್ಲಿ ಆ ಡಿಕ್ಕಿ ತೆರೆಯುವುದು ಕರೆಂಟಿನಿಂದ. ಬ್ಯಾಟರಿ ಸತ್ತರೆ ಡಿಕ್ಕಿ ತೆರೆಯದು, ಡಿಕ್ಕಿ ತೆರೆಯದೆ ಬ್ಯಾಟರಿ ಸಿಗದು. ಇದಕ್ಕಾಗಿಯೇ ಕಾಲಿಡುವ ಜಾಗದ ಫ್ಯೂಸ್ ಪೆಟ್ಟಿಗೆಯಲ್ಲಿ ಹೊರಗೆಳೆಯುವ ಕೆಂಪು ಗುಬಟು ಒಂದಿದೆ. ಅದಕ್ಕೆ ಇನ್ನೊಂದು ಬ್ಯಾಟರಿಯ ಪ್ಲಸ್ ತಂತಿ ಕೊಟ್ಟು, ಮೈನಸ್ ತಂತಿಯನ್ನು ಬಾಗಿಲಿನ ಲಾಕ್ ಹಿಡಿಯುವ ಲೋಹಕ್ಕೆ ಕೊಟ್ಟರೆ ಬೀಗ ಕಳಚುತ್ತದೆ. ಆ ಗುಬಟು ಎಲ್ಲಿದೆ ಅಂತ ಕಾರು ತಂದ ದಿನವೇ, ಹಗಲಿನಲ್ಲಿ, ಬಗ್ಗಿ ನೋಡಿಟ್ಟುಕೊಳ್ಳಿ.