ಕಾಂಗ್ರೆಸ್ ಗಿಡದ ಸೀನು ಕೊನೆಗೂ ಇಳಿಯಿತು: ನನ್ನ ಅನುಭವ

ತುಮಕೂರಿನಲ್ಲಿ ನಮ್ಮ ಮನೆಗೆ ಅಂಟಿಕೊಂಡೇ ಎರಡು ಖಾಲಿ ಸೈಟ್ ಇವೆ. ಮಳೆ ಬಿದ್ದರೆ ಸೊಂಟದೆತ್ತರ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. ಅದರ ಹೂವಿನ ಪರಾಗ ಮೂಗಿಗೆ ಹೋದರೆ ನನಗೆ ಅಲರ್ಜಿ, ಸೀನು. "ಊರೆಲ್ಲ ಇದೇ ಇದೆ ಸಾರ್, ನೀವೊಬ್ಬರು ಕಿತ್ತರೆ ಸೀನು ನಿಲ್ಲುತ್ತಾ?" ಅಂತ ಪಕ್ಕದ ಮನೆಯವರು ಕೇಳುತ್ತಲೇ ಇದ್ದರು. ಈ ಸೆಪ್ಟೆಂಬರ್‌ನಲ್ಲಿ ನಾನು ಸೀನಿದ್ದು 6-7 ದಿನ. ಮುಂಚೆ 20 ದಾಟುತ್ತಿತ್ತು. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟಿದ್ದೇನೆ, ಯಾರಿಗೆ ಬೇಕಾದರೂ ತೋರಿಸುತ್ತೇನೆ.

ಆರು ವರ್ಷದಲ್ಲಿ ಹತ್ತಿರ ಹತ್ತಿರ 30 ಸಾವಿರ ಕಳೆದೆ. ಅದರಲ್ಲಿ 11 ಸಾವಿರ ಏರ್ ಪ್ಯೂರಿಫೈಯರ್‌ಗೆ. ಕಿಟಕಿ ತೆರೆದಿಟ್ಟು ಅದನ್ನು ಓಡಿಸುತ್ತಿದ್ದೆವು! ಯಾವುದರ ಅಲರ್ಜಿ ಅಂತ ತಿಳಿಯಲು ಚರ್ಮಕ್ಕೆ ಚುಚ್ಚಿ ನೋಡುವ ಟೆಸ್ಟ್‌ಗೆ ಸುಮಾರು 4 ಸಾವಿರ ಆಯಿತು. ಮೊದಲ ಸಲ ಅದೂ ದಂಡ. ಹಿಂದಿನ ರಾತ್ರಿ ಅಲರ್ಜಿ ತಡೆಯುವ ಸೆಟ್ರಿಜಿನ್ ಮಾತ್ರೆ ನುಂಗಿದ್ದೆ, ಕೈ ಮೇಲೆ ಒಂದು ಗುಳ್ಳೆಯೂ ಏಳಲಿಲ್ಲ. ಒಂದು ವಾರ ಮಾತ್ರೆ ಬಿಟ್ಟು ಮತ್ತೆ ಹೋದಾಗ ಪಾರ್ಥೇನಿಯಂ ಚುಚ್ಚಿದ ಜಾಗ ಅವರೆಕಾಳಿನಷ್ಟು ಊದಿತು.

ಡಾಕ್ಟರ್ ಬರೆದುಕೊಟ್ಟ ಮೂಗಿನ ಸ್ಪ್ರೇಯನ್ನು ಸೀನು ಶುರುವಾದ ಮೇಲೆ ಹೊಡೆದುಕೊಂಡು, ನಾಲ್ಕೇ ದಿನಕ್ಕೆ "ಕೆಲಸ ಮಾಡಲ್ಲ" ಅಂತ ಬಿಟ್ಟಿದ್ದೆ. ಮೂಗಿನ ನಡುಗೋಡೆಗೆ ಹೊಡೆದು ರಕ್ತವೂ ಬಂದಿತ್ತು. ಈಗ ಡಾಕ್ಟರನ್ನು ಕೇಳಿಕೊಂಡು, ಹೂ ಬಿಡುವ ಎರಡು ವಾರ ಮುಂಚೆಯೇ ಶುರು ಮಾಡುತ್ತೇನೆ. ಬಲಗೈಯಲ್ಲಿ ಎಡ ಹೊಳ್ಳೆಗೆ, ಎಡಗೈಯಲ್ಲಿ ಬಲ ಹೊಳ್ಳೆಗೆ. ತುದಿ ಕಿವಿಯ ಕಡೆ ತಿರುಗಿರಬೇಕು. ಇಷ್ಟೇ ವ್ಯತ್ಯಾಸ.

ಗಿಡದ ವಿಷಯಕ್ಕೆ ಬಂದರೆ, ಹೂ ಬಂದ ಮೇಲೆ ಕೀಳಬಾರದು. ಒಂದು ವರ್ಷ ಹಾಗೆ ಕಿತ್ತು, ಮೂರು ರಾತ್ರಿ ನಿದ್ದೆ ಇಲ್ಲ, ಮುಂಗೈಯೆಲ್ಲ ತುರಿಕೆ. ಈಗ ಎಲೆ ನೆಲಕ್ಕೆ ಹರಡಿಕೊಂಡಿರುವಾಗಲೇ, ಮಳೆ ಬಂದ ಮರುದಿನ, ಗ್ಲೌಸ್ ಹಾಕಿ ಬೇರುಸಮೇತ ಕೀಳಿಸುತ್ತೇನೆ. ಎರಡು ಆಳು, 1,400 ರೂಪಾಯಿ. ಕಿತ್ತ ಜಾಗಕ್ಕೆ ಚಗಚೆ ಅನ್ನುವ ಕಾಡುಗಿಡದ ಬೀಜ ಎರಚುತ್ತೇನೆ. ಅದು ದಟ್ಟವಾಗಿ ಎದ್ದರೆ ಕಾಂಗ್ರೆಸ್‌ಗೆ ಜಾಗವೇ ಇರಲ್ಲ. ಬೀಜ ಬೇಗ ಮೊಳೆಯಲು ನಾನು ಒಂದು ಕೆಲಸ ಮಾಡುತ್ತೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಕಾಂಗ್ರೆಸ್ ಎಲೆ ತಿನ್ನುವ ದುಂಬಿಯನ್ನೂ (ಜೀರುಂಡೆ) ಬಿಟ್ಟು ನೋಡಿದೆ. ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜಾತಿ ಅದು. ರಸ್ತೆ ಬದಿಯಿಂದ ಡಬ್ಬಿ ತುಂಬಾ ಹಿಡಿದು ತಂದು ಬಿಟ್ಟೆ. ಎಲೆ ಚೆನ್ನಾಗಿ ತಿಂದವು, ಆದರೂ ಗಿಡ ಹೂ ಬಿಟ್ಟಿತು. ಅಲರ್ಜಿ ಇಳಿಯಲಿ ಅಂತ ಊರ ಜೇನುತುಪ್ಪ ಮೂರು ತಿಂಗಳು ನೆಕ್ಕಿದೆ, ನನಗಂತೂ ಏನೂ ಪ್ರಯೋಜನ ಆಗಲಿಲ್ಲ. ಉಪಯೋಗಕ್ಕೆ ಬಂದಿದ್ದು, ಪರಾಗ ಅಂಟದ ಹಾಗೆ ಬಟ್ಟೆಯನ್ನು ಮನೆಯೊಳಗೆ ಒಣಗಿಸಿದ್ದು. ಎರಡು ವಾರ ತಾರಸಿ ಮೇಲೆ, ಎರಡು ವಾರ ಒಳಗೆ ಒಣಗಿಸಿ ನೋಡಿದೆ. ಒಳಗೆ ಒಣಗಿದ ದಿಂಬಿನ ಕವರ್ ಹಾಕಿದ ವಾರಗಳಲ್ಲಿ ಬೆಳಗಿನ ಸೀನು ಅರ್ಧಕ್ಕರ್ಧ ಕಡಿಮೆ.

ಈಗ ಚಗಚೆ ಕಾಯಿ ಒಣಗಿವೆ. ಸಿಡಿದು ಹೋಗುವ ಮುಂಚೆ ಸಂಜೆ ಹೋಗಿ ಬಿಡಿಸಿಕೊಂಡು ಬರಬೇಕು.