ಆರ್‌ವಿಯಲ್ಲೇ ವಾಸಿಸುವವರು ಯಾವ ರಾಜ್ಯದವರು? ಅಮೆರಿಕಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ ಮಾರ್ಗದರ್ಶಿ

ಮನೆಯನ್ನು ಬಿಟ್ಟುಕೊಟ್ಟು ವರ್ಷವಿಡೀ ಆರ್‌ವಿಯಲ್ಲೇ (ಅಡುಗೆ, ಮಲಗುವ ವ್ಯವಸ್ಥೆಯಿರುವ ಸಂಚಾರಿ ಮನೆಯಂಥ ವಾಹನದಲ್ಲಿ) ಇರಲು ಹೊರಟವರಿಗೂ ಅಮೆರಿಕದ ಕಾನೂನಿನ ದೃಷ್ಟಿಯಲ್ಲಿ ಒಂದು ರಾಜ್ಯ ಬೇಕೇ ಬೇಕು. ಚಾಲನಾ ಪರವಾನಗಿ, ವಾಹನ ನೋಂದಣಿ, ಆರೋಗ್ಯ ವಿಮೆ, ರಾಜ್ಯದ ಆದಾಯ ತೆರಿಗೆ, ಕೊನೆಗೆ ಉಯಿಲು ಕೂಡ ಆ ರಾಜ್ಯವನ್ನೇ ಅವಲಂಬಿಸಿರುತ್ತದೆ. ಎಲ್ಲಿ ಸುತ್ತಿದರೂ ಮರಳಿ ಬರುವ ಉದ್ದೇಶವಿರುವ ನೆಲೆ, ಆ ಉದ್ದೇಶಕ್ಕೆ ಸಾಕ್ಷಿಯಾಗುವ ದಾಖಲೆಗಳು, ಇವೆರಡೂ ಸೇರಿದಾಗಲೇ ಡಾಮಿಸೈಲ್, ಅಂದರೆ ಕಾನೂನಿನ ಪ್ರಕಾರ ನಿಮ್ಮ ಖಾಯಂ ನೆಲೆ, ಆಗುತ್ತದೆ.

ಹೊಸಬರು ಸಾಮಾನ್ಯವಾಗಿ ತೆರಿಗೆಯಿಂದ ವಿಚಾರ ಶುರುಮಾಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ವಲಸಿಗರು ತಮ್ಮ ವೀಸಾದಿಂದಲೇ ಶುರುಮಾಡಬೇಕು. ಎಚ್-1ಬಿ ಉದ್ಯೋಗ ವೀಸಾದಲ್ಲಿರುವವರಿಗೆ ಕೆಲಸದ ಸ್ಥಳ ಅರ್ಜಿಯಲ್ಲೇ ನಿಗದಿಯಾಗಿರುತ್ತದೆ. ಕೆಲಸದ ಸ್ಥಳದ ಬದಲಾವಣೆಯ ಬಗ್ಗೆ ವಲಸೆ ಇಲಾಖೆ ನೀಡಿದ 2015ರ ಸಿಮಿಯೋ ತೀರ್ಪಿನ ನಂತರ, ಕೆಲವು ಅಲ್ಪಾವಧಿಯ ವಿನಾಯಿತಿಗಳನ್ನು ಬಿಟ್ಟರೆ, ಆ ಸ್ಥಳವಿರುವ ಮಹಾನಗರ ಪ್ರದೇಶದ ಆಚೆ ಹೋಗಿ ಕೆಲಸ ಮಾಡಬೇಕಾದರೆ ಕಂಪನಿಯು ತಿದ್ದುಪಡಿ ಅರ್ಜಿ ಹಾಕಬೇಕಾಗುತ್ತದೆ. ಹಾಗಾಗಿ ಊರಿಂದೂರಿಗೆ ಸಾಗುತ್ತಾ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವ ಜೀವನ ಅವರಿಗೆ ಸದ್ಯಕ್ಕೆ ಹೊಂದುವುದಿಲ್ಲ. ಗ್ರೀನ್ ಕಾರ್ಡ್ ಇರುವವರಿಗೆ ಈ ಕಟ್ಟು ಇಲ್ಲದಿದ್ದರೂ ವಿಳಾಸ ಬದಲಾದ 10 ದಿನಗಳೊಳಗೆ ಎಆರ್-11 ನಮೂನೆಯ ಮೂಲಕ ವಲಸೆ ಇಲಾಖೆಗೆ ತಿಳಿಸುವ ಕರ್ತವ್ಯವಿದೆ. ಪೌರತ್ವದ ಅರ್ಜಿ ಹಾಕುವ ಮೊದಲು ಆಯಾ ರಾಜ್ಯದಲ್ಲಿ ಅಥವಾ ವಲಸೆ ಇಲಾಖೆಯ ಜಿಲ್ಲೆಯಲ್ಲಿ 3 ತಿಂಗಳು ವಾಸಿಸಿರಬೇಕು, ಹಿಂದಿನ ವಾಸಸ್ಥಳಗಳ ವಿವರವನ್ನೂ ಕೊಡಬೇಕು. ಈ ಹಂತ ಹತ್ತಿರವಿರುವವರು ಅದು ಮುಗಿಯುವವರೆಗೆ ಒಂದೇ ಕಡೆ ನೆಲೆ ನಿಲ್ಲುವುದು ಲೇಸು.

ಪರವಾನಗಿ ಕಚೇರಿಯಲ್ಲಿ ಮತದಾರರ ಪಟ್ಟಿಗೆ ಸೇರುತ್ತೀರಾ ಎಂದು ಕೇಳುತ್ತಾರೆ. ಪೌರತ್ವ ಪಡೆಯದವರು ಇದಕ್ಕೆ ಸ್ಪಷ್ಟವಾಗಿ ಇಲ್ಲ ಎನ್ನಬೇಕು. ಅರಿಯದೆ ಹಾಕಿದ ಒಂದು ಗುರುತು ಕೂಡ ಮುಂದೆ ಪೌರತ್ವಕ್ಕೇ ಅಡ್ಡಿಯಾಗಬಲ್ಲದು.

ಆರ್‌ವಿ ಸಮುದಾಯದಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರುಗಳು ಸೌತ್ ಡಕೋಟಾ, ಟೆಕ್ಸಸ್ ಮತ್ತು ಫ್ಲಾರಿಡಾ. ಮೂರರಲ್ಲಿಯೂ ಸಂಬಳದ ಮೇಲೆ ರಾಜ್ಯದ ಆದಾಯ ತೆರಿಗೆಯಿಲ್ಲ, ಮೂರರಲ್ಲಿಯೂ ಅಂಚೆಯನ್ನು ಪಡೆದು ನೀವಿದ್ದಲ್ಲಿಗೆ ಕಳುಹಿಸುವ ಸೇವೆಗಳಿವೆ. ಸೌತ್ ಡಕೋಟಾದಲ್ಲಿ ಪೂರ್ಣಕಾಲಿಕ ಪ್ರಯಾಣಿಕರು ಅಲ್ಲಿ ಒಂದು ರಾತ್ರಿ ತಂಗಿದ ರಸೀದಿ ಮತ್ತು ಪ್ರಮಾಣಪತ್ರದ ಆಧಾರದ ಮೇಲೆ ಪರವಾನಗಿ ಪಡೆಯುವ ವ್ಯವಸ್ಥೆ ಪ್ರಸಿದ್ಧ. ವಾಹನ ಖರೀದಿಯ ತೆರಿಗೆಯೂ ಅಲ್ಲಿ ಕಡಿಮೆ: ಒಂದು ಲಕ್ಷ ಡಾಲರಿನ ಮೋಟಾರ್‌ಹೋಮಿಗೆ (ಸ್ವಂತ ಎಂಜಿನ್ ಇರುವ ಆರ್‌ವಿಗೆ) ಸೌತ್ ಡಕೋಟಾದಲ್ಲಿ ಶೇ. 4, ಅಂದರೆ 4,000 ಡಾಲರ್ ಆದರೆ, ಟೆಕ್ಸಸಿನಲ್ಲಿ ಶೇ. 6.25ರಂತೆ 6,250 ಡಾಲರ್ ಆಗುತ್ತದೆ. ಟೆಕ್ಸಸಿನ ಲಿವಿಂಗ್‌ಸ್ಟನ್ನಿನಲ್ಲಿರುವ ಎಸ್ಕೇಪೀಸ್ ಎಂಬ ಆರ್‌ವಿ ಪ್ರಯಾಣಿಕರ ಸಂಘ 1978ರಿಂದ ಇಂಥವರಿಗೆ ಆಸರೆಯಾಗಿದೆ. 2025ರ ಜನವರಿಯಿಂದ ಅಲ್ಲಿ ಖಾಸಗಿ ವಾಹನಗಳಿಗೆ ವಾರ್ಷಿಕ ಸುರಕ್ಷತಾ ತಪಾಸಣೆಯೂ ಇಲ್ಲ. ಆದರೆ 26,000 ಪೌಂಡಿಗಿಂತ ಭಾರದ ಮೋಟಾರ್‌ಹೋಮ್ ಓಡಿಸಲು ಬೇರೆ ದರ್ಜೆಯ ಪರವಾನಗಿ ಬೇಕು. ಫ್ಲಾರಿಡಾದಲ್ಲಿ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕದ) ನ್ಯಾಯಾಲಯದ ಗುಮಾಸ್ತರಲ್ಲಿ ಡಾಮಿಸೈಲ್ ಘೋಷಣೆಯನ್ನು ವಿಧಿವತ್ತಾಗಿ ದಾಖಲಿಸಬಹುದು. ಹಳೆಯ ರಾಜ್ಯ ಸುಲಭವಾಗಿ ಬಿಟ್ಟುಕೊಡದು ಎಂಬ ಅಳುಕಿರುವವರಿಗೆ ನಾನು ಇದನ್ನೇ ಸೂಚಿಸುತ್ತೇನೆ.

ಆ ಅಳುಕು ನಿರಾಧಾರವಲ್ಲ. ನ್ಯೂಯಾರ್ಕಿನಲ್ಲಿ ಖಾಯಂ ವಾಸಕ್ಕೊದಗುವ ಮನೆಯನ್ನು ಉಳಿಸಿಕೊಂಡು ವರ್ಷದಲ್ಲಿ 183 ದಿನಕ್ಕಿಂತ ಹೆಚ್ಚು ಕಾಲ ಅಲ್ಲಿದ್ದರೆ, ಪರವಾನಗಿ ಎಲ್ಲಿಯದಾದರೂ ತೆರಿಗೆಯ ಮಟ್ಟಿಗೆ ನೀವು ಅಲ್ಲಿನ ನಿವಾಸಿಯೇ. ಕ್ಯಾಲಿಫೋರ್ನಿಯಾದ ಕ್ಯಾಂಪಿನಲ್ಲಿ ಎರಡು ತಿಂಗಳು ನಿಂತು ಕಂಪನಿಯ ಕೆಲಸ ಮಾಡಿದರೆ ಆ ಅವಧಿಯ ಸಂಬಳಕ್ಕೆ ಕ್ಯಾಲಿಫೋರ್ನಿಯಾ ತೆರಿಗೆ ಕೇಳಬಹುದು. ಆದ್ದರಿಂದ ಪ್ರತಿ ರಾತ್ರಿ ಎಲ್ಲಿ ತಂಗಿದಿರಿ ಎಂಬುದನ್ನು ರಸೀದಿ ಸಮೇತ ಬರೆದಿಡಿ. ಬ್ಯಾಂಕು, ವೈದ್ಯರು, ವಿಮೆ, ಉಯಿಲು ಎಲ್ಲವನ್ನೂ ಹೊಸ ರಾಜ್ಯಕ್ಕೆ ವರ್ಗಾಯಿಸಿ.

ಅರವತ್ತೈದು ತುಂಬದ, ಅಂದರೆ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್‌ನ ವಯಸ್ಸಿಗೆ ಇನ್ನೂ ಬಾರದವರು ಆರೋಗ್ಯ ವಿಮೆಯನ್ನು ಪರಿಶೀಲಿಸದೆ ರಾಜ್ಯವನ್ನು ಆರಿಸಲೇಬಾರದು. ಸರ್ಕಾರದ ವಿಮಾ ಮಾರುಕಟ್ಟೆಯ (ಮಾರ್ಕೆಟ್‌ಪ್ಲೇಸ್) ಮೂಲಕ ಕೊಳ್ಳುವ ವಿಮೆಗಳು ಕೌಂಟಿಗೆ ಅನುಗುಣವಾಗಿರುತ್ತವೆ, ಹಲವು ಯೋಜನೆಗಳು ರಾಜ್ಯದ ಹೊರಗೆ ತುರ್ತು ಚಿಕಿತ್ಸೆಯನ್ನು ಮಾತ್ರ ಭರಿಸುತ್ತವೆ. ಸಕ್ಕರೆ ಕಾಯಿಲೆಗೋ ರಕ್ತದೊತ್ತಡಕ್ಕೋ ನಿಯಮಿತವಾಗಿ ವೈದ್ಯರನ್ನು ಕಾಣುವವರಿಗೆ, ತೆರಿಗೆಯಲ್ಲಿ ಉಳಿದದ್ದು ಇಲ್ಲಿ ಕರಗಿಹೋಗಬಹುದು.

ಭಾರತದ ಪಾಸ್‌ಪೋರ್ಟ್ ನವೀಕರಣ ಮತ್ತು ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿನ ಅರ್ಜಿಗಳು ನೀವು ವಾಸಿಸುವ ರಾಜ್ಯಕ್ಕೆ ಸಂಬಂಧಿಸಿದ ಕಾನ್ಸುಲೇಟಿಗೇ ಹೋಗಬೇಕು. ಟೆಕ್ಸಸಿನವರಿಗೆ ಅದು ಹ್ಯೂಸ್ಟನ್. ಅಲ್ಲಿ ವಿಳಾಸದ ಪುರಾವೆ ಕೇಳುತ್ತಾರಾದ್ದರಿಂದ, ಪಾಸ್‌ಪೋರ್ಟಿನ ಅವಧಿ ಮುಗಿಯುತ್ತಾ ಬಂದಿದ್ದರೆ ಹಳೆಯ ಮನೆಯಲ್ಲಿರುವಾಗಲೇ ನವೀಕರಿಸಿಕೊಂಡು, ಆಮೇಲೆ ರಾಜ್ಯ ಬದಲಿಸಿ.